ಹವಾಮಾನದ ಚಿಂತೆಗೂ ಒಂದು ಫ್ರೀ ಬಾಡಿ ಡಯಾಗ್ರಾಮ್

ಹೊಳೆಹೊನ್ನೂರಿನ ಕಡೆ ಮಳೆಗಾಲ ಬಂತೆಂದರೆ ಮಾತು ಶುರುವಾಗೋದೇ "ಡ್ಯಾಂ ಎಷ್ಟಡಿ ಆಯ್ತು?" ಅನ್ನೋ ಪ್ರಶ್ನೆಯಿಂದ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ನೀರು ಅಲ್ಲಿಗೆ ಮುಟ್ಟಿದರೆ ಗದ್ದೆ, ತೋಟ ಎರಡಕ್ಕೂ ಧೈರ್ಯ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮರುವರ್ಷದ ಮಳೆಗಾಲದಲ್ಲಿ ಅದೇ ಜಲಾಶಯ ತುಂಬಿ ಗೇಟು ತೆಗೆದರು. ಇದನ್ನೆಲ್ಲ ನೋಡಿದಾಗ "ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಊರು ಹೇಗಿರುತ್ತೋ?" ಅಂತ ನಮ್ಮಲ್ಲಿ ಹಲವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಇದು ನಮ್ಮೊಬ್ಬರ ಪಾಡಲ್ಲ. 2021ರಲ್ಲಿ ಭಾರತವೂ ಸೇರಿ 10 ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಸಂಶೋಧಕರು ಕೇಳಿದರು. ಹವಾಮಾನ ಬದಲಾವಣೆಯ ಬಗ್ಗೆ ತುಂಬಾ ಚಿಂತೆಯಾಗಿದೆ ಎಂದವರು ಶೇ 59. ಆ ಚಿಂತೆ ದಿನನಿತ್ಯದ ಬದುಕಿಗೇ ತೊಂದರೆ ಕೊಡುತ್ತಿದೆ ಎಂದವರು ಶೇ 45ಕ್ಕೂ ಹೆಚ್ಚು.

ಇಂಥ ಚಿಂತೆಯನ್ನು ಹಿಡಿಯಲು ಮೆಕ್ಯಾನಿಕ್ಸ್ ತರಗತಿಯಲ್ಲಿ ಕಲಿತದ್ದೇ ಸಾಕು. ಇಡೀ ಸೇತುವೆಯನ್ನು ನಾವು ಒಂದೇ ಏಟಿಗೆ ಬಿಡಿಸಲ್ಲ. ಒಂದು ಭಾಗ ಬೇರೆ ಮಾಡಿ, ಅದರ ಮೇಲೆ ಬೀಳೋ ಬಲಗಳನ್ನಷ್ಟೇ ಬರೆಯುತ್ತೇವೆ.

ಮೊದಲು ಗಡಿ ಎಳೆಯೋಣ. ಭೂಮಿ ಪೂರ್ತಿ ಬೇಡ. ನಮ್ಮ ಹಾಸ್ಟೆಲ್ ಅಥವಾ ನಮ್ಮ ಮನೆ ಸಾಕು.

ಆಮೇಲೆ ಲೆಕ್ಕ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಶೇ 20 ಪೋಲಾಯ್ತು ಅಂದ್ಕೊಂಡರೂ 800 ಲೀಟರ್ ಸಿಗುತ್ತೆ. ಅದು ಈಗ ಎಲ್ಲಿಗೆ ಹೋಗ್ತಿದೆ? ಪೈಪು ಎಲ್ಲಿ ಹಾಕಬೇಕು? ಇವು ನಾವು ಉತ್ತರಿಸಬಲ್ಲ ಪ್ರಶ್ನೆಗಳು.

ಮೂರನೆಯದು, ಜೊತೆ. ನಾಲ್ಕು ಜನ ಸೇರಿದರೆ ಭಯ ಹಂಚಿಹೋಗುತ್ತೆ, ಕೆಲಸವೂ ಹಗುರಾಗುತ್ತೆ. ರಾತ್ರಿ ಮಲಗೋ ಮುಂಚೆ ಕೆಟ್ಟ ಸುದ್ದಿ ನೋಡುತ್ತಾ ಕೂರೋದನ್ನು ಸ್ವಲ್ಪ ಕಡಿಮೆ ಮಾಡೋಣ.

ನಮ್ಮ ತಾರಸಿಯ ನೀರಿನಿಂದ ಭೂಮಿಯ ಬಿಸಿ ಇಳಿಯಲ್ಲ, ನಿಜ. ಗಡಿಯ ಆಚೆಯ ಬಲಗಳು ಚಿತ್ರದಲ್ಲಿ ಬಾಣಗಳಾಗಿ ಇದ್ದೇ ಇರುತ್ತವೆ: ಸರ್ಕಾರದ ನೀತಿ, ಕಲ್ಲಿದ್ದಲು, ಕಾಡು. ಅವುಗಳ ಬಗ್ಗೆ ಪ್ರಶ್ನೆ ಕೇಳಬೇಕು, ಮತ ಹಾಕಬೇಕು. ಆದರೆ ಒಂದು ಭಾಗವನ್ನು ಬಿಡಿಸಿ ನೋಡಿದವರಿಗೆ ಉಳಿದದ್ದನ್ನು ಎದುರಿಸೋ ಧೈರ್ಯ ಬರುತ್ತೆ.

ಇಷ್ಟಾದರೂ ನಿದ್ದೆ ಬರ್ತಿಲ್ಲ, ಓದು ಹತ್ತುತ್ತಿಲ್ಲ ಅಂದರೆ ಸುಮ್ಮನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನವಿಡೀ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.