ಗೆರೆ ಮಲಗಿದರೆ

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಗುವಿನ ತೂಕ ನೋಡುತ್ತಾರೆ. ತೂಕ ಆಯ್ತು, ಬರೆದರು, ಮನೆಗೆ ಬಂದೆವು. ಏನು ಬರೆದರು ಅಂತ ನಾವು ಕೇಳಿದೆವಾ? ಇಲ್ಲ. ಅದು ಸರ್ಕಾರದ ಲೆಕ್ಕ, ನಮಗ್ಯಾಕೆ ಅಂದುಕೊಂಡೆವು.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಅಂಕಿ ಓದುವ ಪಾಠ. ಒಬ್ಬ ಅಕ್ಕ ಮಗಳ ತಾಯಿ ಕಾರ್ಡು ತಂದಿದ್ದಳು. ಅದನ್ನೇ ಓದಿದೆವು. ಏಳನೇ ತಿಂಗಳು 7 ಕಿಲೋ. ಎಂಟನೇ ತಿಂಗಳು 7 ಕಿಲೋ 200 ಗ್ರಾಂ. ಒಂಬತ್ತನೇ ತಿಂಗಳು ಅಷ್ಟೇ. ಹತ್ತನೇ ತಿಂಗಳೂ ಅಷ್ಟೇ.

"ಚುಕ್ಕಿ ಹಸಿರಲ್ಲೇ ಇದೆಯಲ್ಲ ಮೇಡಂ. ತೊಂದ್ರೆ ಇಲ್ಲ ಅಲ್ವಾ?" ಅಂದಳು.

ಹಸಿರು ಅಂದರೆ ವಯಸ್ಸಿಗೆ ತಕ್ಕ ತೂಕ. ಹಳದಿ ಅಂದರೆ ಕಡಿಮೆ. ಕಿತ್ತಳೆ ಅಂದರೆ ತೀರಾ ಕಡಿಮೆ. ಆದರೆ ಬಣ್ಣ ನೋಡಿದರೆ ಸಾಲದು. ಚುಕ್ಕಿಗಳನ್ನು ಸೇರಿಸುವ ಗೆರೆ ನೋಡಬೇಕು. ಅದು ಮೇಲಕ್ಕೆ ಹತ್ತಬೇಕು. ಈ ಮಗುವಿನ ಗೆರೆ ಮಲಗಿತ್ತು. ಮಗು ಬೆಳೆಯುತ್ತಿರಲಿಲ್ಲ. ಹೀಗೇ ಬಿಟ್ಟರೆ ಹಳದಿಗೆ ಬೀಳುತ್ತಿತ್ತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 33 ಮಕ್ಕಳ ತೂಕ ಕಡಿಮೆ ಇತ್ತು.

ಮರುದಿನ ನಾವೆಲ್ಲ ಅಂಗನವಾಡಿಗೆ ಹೋದೆವು. ಅಲ್ಲಿಯ ಟೀಚರು ಪುಸ್ತಕ ತೆಗೆದು ತೋರಿಸಿದರು. 2021ರಿಂದ ಈ ಅಂಕಿಗಳನ್ನು ಪೋಷಣ್ ಟ್ರ್ಯಾಕರ್ ಅಂತ ಮೊಬೈಲಿನಲ್ಲೂ ತುಂಬುತ್ತಾರೆ. ಎಣಿಸಿದೆವು. ಒಂದು ವರ್ಷದ ಆಸುಪಾಸಿನ ಮಕ್ಕಳು 11. ಗೆರೆ ಮಲಗಿದ್ದು 6. ಆ 6ರಲ್ಲಿ 5 ಮಕ್ಕಳು ಒಂದೇ ಕೇರಿಯವರು!

"ಅಯ್ಯೋ, ನಮ್ಮ ಕೇರಿ!" ಅಂದಳು ಆ ಅಕ್ಕ.

ಆ ಕೇರಿಯ ನಲ್ಲಿ ನೀರಿನ ಪೈಪು ಚರಂಡಿಯೊಳಗೆ ಹಾದಿತ್ತು. ಒಡೆದಿತ್ತು. ಐದೂ ಮಕ್ಕಳಿಗೆ ಮತ್ತೆ ಮತ್ತೆ ಭೇದಿ ಆಗಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಆಹಾರ ಮನೆಗೆ ಕೊಡುತ್ತಾರೆ. "ಮನೇಲಿ ಎಲ್ರೂ ಗಂಜಿ ಮಾಡ್ಕೊಂಡು ಕುಡಿದ್ವಿ" ಅಂದರು ತಾಯಂದಿರು. ಯಾರನ್ನು ಬೈಯೋಣ? ಹಸಿದ ಮನೆಯಲ್ಲಿ ಹಾಗೇ ಆಗುತ್ತದೆ. ಎಷ್ಟು ಪೊಟ್ಟಣ ಕೊಟ್ಟರು ಅನ್ನುವ ಲೆಕ್ಕ ಸರಿ ಇತ್ತು. ಮಗುವಿನ ಹೊಟ್ಟೆಗೆ ಎಷ್ಟು ಹೋಯಿತು ಅನ್ನುವ ಲೆಕ್ಕ ಯಾರೂ ಕೇಳಿರಲಿಲ್ಲ.

ಲೆಕ್ಕ ನಿಜ ಇರಬೇಕು. ಮಗು ಬಾರದ ತಿಂಗಳು ಹಳೇ ತೂಕವನ್ನೇ ಬರೆಸಬಾರದು. ಖಾಲಿ ಬಿಟ್ಟರೂ ಪರವಾಗಿಲ್ಲ. ತೂಗುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ. ದಪ್ಪ ಬಟ್ಟೆ ಬಿಚ್ಚಿಸಿ.

ನಾವು 11 ಮಕ್ಕಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದೆವು. ಪಂಚಾಯಿತಿಗೆ ಒಯ್ದೆವು. ಮೂರು ಸಲ ಅಲೆದ ಮೇಲೆ ಪೈಪು ಬದಲಾಯಿತು. ಅಲ್ಲೀತನಕ ನೀರು ಕಾಯಿಸಿ ಆರಿಸಿ ಕೊಟ್ಟರು. ಭೇದಿ ಆದಾಗ ಓಆರ್‌ಎಸ್ ಕುಡಿಸಿದರು. ಎದೆಹಾಲು ನಿಲ್ಲಿಸಲಿಲ್ಲ. ರಾಗಿ ಗಂಜಿಗೆ ಒಂದು ಚಮಚ ಎಣ್ಣೆ ಹಾಕಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿದರು.

ಹನ್ನೊಂದನೇ ತಿಂಗಳು 7 ಕಿಲೋ 300 ಗ್ರಾಂ. ಹನ್ನೆರಡನೇ ತಿಂಗಳು 7 ಕಿಲೋ 700 ಗ್ರಾಂ. ಆ ಅಕ್ಕ ತಾನೇ ಓದಿ ಹೇಳಿದಳು. ಬೇರೆ ಕೇರಿಯ ಒಂದು ಮಗುವಿನ ಗೆರೆ ಇನ್ನೂ ಎದ್ದಿಲ್ಲ. ಅದನ್ನು ಆರೋಗ್ಯ ಕೇಂದ್ರಕ್ಕೆ ತೋರಿಸುತ್ತಿದ್ದಾರೆ.

ನಾಳೆ ಬರುವಾಗ ತಾಯಿ ಕಾರ್ಡು ತನ್ನಿ. ಹಿಂದಿನ ಮೂರು ತಿಂಗಳ ತೂಕ ಓದಿ, ಪಕ್ಕದಲ್ಲಿ ಕೂತವರಿಗೆ ಹೇಳಿ.