ರಾಜೀನಾಮೆ ಪತ್ರದ ಬೆಲೆ

ಕೆಲಸದಿಂದ ತೆಗೆಯುವವರು ಮೊದಲು ಮುಂದಿಡುವುದು ಟೈಪ್ ಮಾಡಿಟ್ಟ ಒಂದು ಹಾಳೆ. ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ’ ಎಂದು ಅದರಲ್ಲಿರುತ್ತದೆ. ಸಹಿಗೆ, ತಾರೀಕಿಗೆ ಜಾಗ ಬಿಟ್ಟಿರುತ್ತಾರೆ. 2021ರ ಆಗಸ್ಟ್‌ನಲ್ಲಿ ಆ ಹಾಳೆಯನ್ನು ನನ್ನ ಕೈಗಿಟ್ಟವರು ನಮ್ಮ ಯೂನಿಯನ್ ಲೀಡರೇ.

ಜರಗನಹಳ್ಳಿಯಲ್ಲಿ ನಮ್ಮ ಮನೆ. ಕನಕಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲರ್ಕ್ ಆಗಿದ್ದೆ. ಆಗಸ್ಟ್ ಮೊದಲ ವಾರದೊಳಗೆ ಲಸಿಕೆ ಸರ್ಟಿಫಿಕೇಟ್ ತೋರಿಸದವರಿಗೆ ಗೇಟಿನೊಳಗೆ ಪ್ರವೇಶವಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದರು. ನನಗೆ ಲಸಿಕೆಯ ಮೇಲೆ ತಕರಾರೇನೂ ಇರಲಿಲ್ಲ. ಆದರೆ ಮೇ ಕೊನೆಯಲ್ಲಿ ಕೋವಿಡ್ ಬಂದು ಮಲಗಿ ಎದ್ದಿದ್ದೆ. ಸೋಂಕಿನಿಂದ ಗುಣವಾದವರು ಮೂರು ತಿಂಗಳು ಬಿಟ್ಟು ಲಸಿಕೆ ಹಾಕಿಸಿಕೊಳ್ಳಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ 19ರಂದೇ ಹೇಳಿತ್ತು. ಅದನ್ನು ಪಾಲಿಸಿದರೆ ಕಂಪನಿಯ ಗಡುವು ಮೀರುತ್ತಿತ್ತು. ಆ ಆದೇಶವನ್ನು ಗೇಟಿನ ಸೆಕ್ಯುರಿಟಿಗೆ ತೋರಿಸಿದೆ. ಪಾಪ, ಅವನಾದರೂ ಏನು ಮಾಡಿಯಾನು?

ವರ್ಷಗಟ್ಟಲೆ ಸಂಬಳದಲ್ಲಿ ಯೂನಿಯನ್ ಚಂದಾ ಕಟ್ಟಿದ್ದೆನಲ್ಲ ಎಂದು ಲೀಡರ್ ಹತ್ತಿರ ಹೋದೆ.

“ಮ್ಯಾನೇಜ್‌ಮೆಂಟ್ ಹತ್ರ ಮಾತಾಡಿದೀನಮ್ಮ. ಟರ್ಮಿನೇಷನ್ ಅಂದ್ರೆ ನಾಳೆ ಎಲ್ಲೂ ಕೆಲಸ ಸಿಗಲ್ಲ. ಸಹಿ ಹಾಕ್ಬಿಡು, ಸೆಟ್ಲ್‌ಮೆಂಟ್ ಬೇಗ ಕೊಡಿಸ್ತೀನಿ.”

“ಅಣ್ಣಾ, ನಾನು ಮಾಡಿರೋ ತಪ್ಪಾದ್ರೂ ಏನು?”

“ವೇತನ ಒಪ್ಪಂದದ ಮಾತುಕತೆ ನಡೀತಿದೆ. ಒಬ್ಬರಿಗೋಸ್ಕರ ಅದನ್ನ ಕೆಡಿಸ್ಕೊಳಕ್ಕಾಗುತ್ತಾ?”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನೂರಾರು ಜನರ ಸಂಬಳದ ಮುಂದೆ ನನ್ನೊಬ್ಬಳ ಕೆಲಸ ಚಿಲ್ಲರೆ ಬಾಬತ್ತು. ಆ ಲೆಕ್ಕ ಅವರಿಗೆ ಸರಿಯೇ ಇರಬಹುದು, ನನ್ನ ಲೆಕ್ಕ ನಾನು ಹಾಕಬೇಕಿತ್ತು. ಸಹಿ ಹಾಕದೆ ಹಾಳೆಯನ್ನು ಮನೆಗೆ ತಂದೆ.

ಸುಲಭಕ್ಕೆ ಸಂಬಳ 18,000 ರೂಪಾಯಿ, ಸೇವೆ 9 ವರ್ಷ ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿಗೆ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸುತ್ತಾರೆ: ಸುಮಾರು 93,460. ಐದು ವರ್ಷ ತುಂಬಿದವರಿಗೆ ರಾಜೀನಾಮೆ ಕೊಟ್ಟರೂ ಇದು ಬರುತ್ತದೆ. ಪಿಎಫ್ ಅಂತೂ ನಮ್ಮದೇ ದುಡ್ಡು. ಲೀಡರ್ ‘ಕೊಡಿಸ್ತೀನಿ’ ಎಂದ ಸೆಟ್ಲ್‌ಮೆಂಟ್‌ನಲ್ಲಿದ್ದದ್ದು ಗ್ರಾಚ್ಯುಟಿ ಮತ್ತು ಉಳಿದ ರಜೆಯ ಹಣ, ಅಷ್ಟೇ. ಯಾರೂ ಕೊಡಿಸಬೇಕಾದ್ದಲ್ಲ ಅದು.

ಸಹಿ ಹಾಕಿದರೆ ಹೋಗುವ ಹಣ ಬೇರೆ. ಶಿಕ್ಷೆಯಾಗಿ ಅಲ್ಲದೆ, ಮಾಲೀಕರೇ ಕೆಲಸದಿಂದ ತೆಗೆದರೆ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಪ್ರಕಾರ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕಿತ್ತು. ನಮ್ಮ ಲೆಕ್ಕದಲ್ಲಿ 18,000 ಮತ್ತು ಸುಮಾರು 81,000. ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಹೋದವರಿಗೆ ಆಗ ಸರಾಸರಿ ದಿನಗೂಲಿಯ ಅರ್ಧದಂತೆ 90 ದಿನಗಳವರೆಗೆ ಕೊಡುತ್ತಿದ್ದರು: ಇನ್ನೊಂದು 27,000. ತಾವಾಗಿಯೇ ಬಿಟ್ಟು ಹೋದವರಿಗೆ ಇವ್ಯಾವುದೂ ಇಲ್ಲ. ಒಟ್ಟು 1,26,000 ರೂಪಾಯಿ. ‘ವೈಯಕ್ತಿಕ ಕಾರಣ’ ಎಂಬ ಎರಡು ಪದಕ್ಕೆ ಅಷ್ಟು ಬೆಲೆ!

ಯೂನಿಯನ್ ಬೆನ್ನಿಗಿಲ್ಲದಿದ್ದರೆ ಒಂಟಿ ಕಾರ್ಮಿಕರು ಏನೂ ಮಾಡಲಾಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಲೀಡರುಗಳೂ ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ. ಅದೇ ಕಾಯ್ದೆಯ 2ಎ ಕಲಂ ಹೇಳುತ್ತಿದ್ದದ್ದು ಬೇರೆ: ಕೆಲಸ ಕಳೆದುಕೊಂಡವರ ಪರ ಯಾವ ಸಂಘವೂ ನಿಲ್ಲದಿದ್ದರೂ ಅದು ಕೈಗಾರಿಕಾ ವಿವಾದವೇ. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಾನು ಅರ್ಜಿ ಕೊಟ್ಟೆ. ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್, ನೋಟಿಸ್ ಬೋರ್ಡಿನ ಫೋಟೊ, ಕೋವಿಡ್ ರಿಪೋರ್ಟ್ ಜೊತೆಗಿದ್ದವು. ಫೋಟೊ ತೆಗೆದಿಟ್ಟದ್ದು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು.

ಹೋರಾಟಕ್ಕೆ ಇಳಿಯುವವರು ಕೇಳಿಕೊಳ್ಳಬೇಕಾದ ಹಣದ ಪ್ರಶ್ನೆ ಇನ್ನೊಂದಿದೆ: ಎಷ್ಟು ತಿಂಗಳು ಕಾಯಬಲ್ಲೆ? ಅದೇ ವರ್ಷ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಬೇಡಿಕೆ ಇಟ್ಟು ಸಾರಿಗೆ ನೌಕರರು ಮುಷ್ಕರ ಹೂಡಿದ್ದರು. ಮುಂದಾಳಾಗಿದ್ದವರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ಡ್ಯೂಟಿಗೆ ಬನ್ನಿ ಎಂಬ ಆದೇಶಕ್ಕೆ ಓಗೊಡದ ಟ್ರೈನಿಗಳು ಕೆಲಸ ಕಳೆದುಕೊಂಡರು, ಕಾಯಂ ನೌಕರರು ಅಮಾನತಾದರು, ವರ್ಗವಾದರು. ಹೈಕೋರ್ಟ್ ಹೇಳಿದ ಮೇಲೆ ಏಪ್ರಿಲ್ 21ಕ್ಕೆ ಬಸ್ಸುಗಳು ಹೊರಟವು. ಒಂದು ವಾರದೊಳಗೆ ರಾಜ್ಯವೇ ಲಾಕ್‌ಡೌನ್ ಆಯಿತು. ವಜಾ ಆದವರಲ್ಲಿ ಕೆಲವರಿಗೆ ಮರುನೇಮಕ ಸಿಗುವಾಗ 2022 ಬಂದಿತ್ತು. ಆ ನಡುವೆ ಬಾಡಿಗೆ, ಸ್ಕೂಲ್ ಫೀಸು, ಚೀಟಿಯ ಕಂತು ಯಾವುದೂ ನಿಂತಿರಲಿಲ್ಲ. ಮುಷ್ಕರ ಕರೆದ ವೇದಿಕೆಯ ಮೇಲೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಲೀಡರುಗಳಿಲ್ಲದೆಯೂ ಗೆದ್ದದ್ದುಂಟು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದು ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್ 18, 19ರಂದು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಆದರೆ ಅಷ್ಟು ಬೇಗ ಫಲ ಸಿಗುವುದು ಅಪರೂಪ.

ನನ್ನ ಕೇಸು ಸಂಧಾನದಲ್ಲೇ ಮುಗಿಯಿತು. ನೋಟಿಸ್ ಸಂಬಳ ಪೂರ್ತಿ, ಪರಿಹಾರದಲ್ಲಿ ಮುಕ್ಕಾಲು ಪಾಲು ಬಂತು. ಕೋರ್ಟಿಗೆ ಹೋಗಿದ್ದರೆ ಪೂರ್ತಿ ಸಿಗುತ್ತಿತ್ತೇನೋ, ಆದರೆ ಅಷ್ಟು ಕಾಯುವ ಶಕ್ತಿ ನನ್ನ ಉಳಿತಾಯಕ್ಕಿರಲಿಲ್ಲ. ಲಸಿಕೆಗೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ 2ರಂದು. ಅಷ್ಟರಲ್ಲಿ ನಾನು ಎರಡೂ ಡೋಸ್ ಮುಗಿಸಿ ಬೇರೆ ಕಡೆ ಕೆಲಸಕ್ಕೆ ಸೇರಿಯಾಗಿತ್ತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವರ್ಷಕ್ಕೆ 15 ದಿನದ ಪರಿಹಾರ ಅದರಲ್ಲೂ ಉಳಿದಿದೆ, ಸಂಘವಿಲ್ಲದೆ ಒಬ್ಬರೇ ಹೋಗುವ ದಾರಿಯೂ ಇದೆ. ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ನನಗೆ ತಡವಾಗಿಯೇ ಕೊಟ್ಟರು. ಪತ್ರ ಬರೆದು ಕೇಳಿದ ಮೇಲೆ ಬಡ್ಡಿಯೂ ಬಂತು.