ಹಿಡಿದ ಭುಜಕ್ಕೆ ರಾತ್ರಿಯ ಆಸರೆ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ, ತಮಿಳುನಾಡಿನ ಗಡಿಗೆ ಮುಂಚೆ ಸಿಗುವ ಊರು ಪುಣಜನೂರು. ಸುತ್ತಲೂ ಬಿಳಿಗಿರಿರಂಗನ ಬೆಟ್ಟದ ಕಾಡು. ಇಂಥ ಕಾಡಂಚಿನ ಊರುಗಳಲ್ಲಿ ಆನೆ, ಹಂದಿಗಳಿಂದ ಫಸಲು ಉಳಿಸಿಕೊಳ್ಳಲು ರೈತರು ಅಟ್ಟಣೆಯ ಮೇಲೆ ರಾತ್ರಿ ಕಳೆಯುವುದುಂಟು. ಚಳಿಯಲ್ಲಿ ಒಂದೇ ಮಗ್ಗುಲಿಗೆ ಮುದುರಿ ಮಲಗಿದ್ದವರು ಬೆಳಿಗ್ಗೆ ಎದ್ದು, “ಭುಜ ಹಿಡಿದುಬಿಟ್ಟಿದೆ, ಥಂಡಿ ಇರಬೇಕು” ಎನ್ನುತ್ತಾರೆ. ಇಂಥ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಆದರೆ ವಾರಗಳು ಉರುಳಿದರೂ ನೋವು ಹೆಚ್ಚುತ್ತಲೇ ಹೋದರೆ? ರಾತ್ರಿ ಮಗ್ಗುಲು ಬದಲಿಸಿದೊಡನೆ ಚುಚ್ಚಿದಂತಾಗಿ ಎಚ್ಚರವಾದರೆ? ತಲೆ ಬಾಚಲು, ಅಂಗಿಯ ತೋಳಿಗೆ ಕೈ ತೂರಿಸಲು, ರವಿಕೆ ತೊಡಲು ಕಷ್ಟವಾದರೆ? ಆಗ ಥಂಡಿಯನ್ನು ದೂರುತ್ತಾ ಕೂರಬಾರದು. ಇದು ಫ್ರೋಜನ್ ಶೋಲ್ಡರ್, ಅಂದರೆ ಹೆಪ್ಪುಗಟ್ಟಿದ ಭುಜ ಇರಬಹುದು. ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಹೆಸರು ಹಾಗಿದ್ದರೂ ಚಳಿ ಇದಕ್ಕೆ ಕಾರಣವಲ್ಲ.

ಆಗುವುದೇನು?

ಭುಜದ ಕೀಲನ್ನು ತೆಳುವಾದ ಚೀಲವೊಂದು ಸುತ್ತುವರಿದಿರುತ್ತದೆ. ಈ ಚೀಲದಲ್ಲಿ ಉರಿಯೂತವುಂಟಾಗಿ, ಅದು ಕ್ರಮೇಣ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಆಗ ಕೈಯನ್ನು ತಾನಾಗಿ ಎತ್ತಲೂ ಆಗದು, ಬೇರೆಯವರು ಎತ್ತಿದರೂ ಮೇಲೇರದು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಥೈರಾಯ್ಡ್ ತೊಂದರೆ ಇರುವವರಿಗೂ, ಮೂಳೆ ಮುರಿತ ಅಥವಾ ಪಾರ್ಶ್ವವಾಯುವಿನಿಂದ ಬಹುದಿನ ಕೈ ಆಡಿಸದೆ ಇದ್ದವರಿಗೂ ಬರಬಹುದು.

ಮೊದಲ ಹಂತದಲ್ಲಿ ನೋವೇ ಪ್ರಧಾನ. ಎರಡನೆಯದರಲ್ಲಿ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಮೂರನೆಯದರಲ್ಲಿ ಕೈ ನಿಧಾನವಾಗಿ ಸಡಿಲವಾಗುತ್ತದೆ. ಒಟ್ಟು 1ರಿಂದ 3 ವರ್ಷ ಹಿಡಿಯಬಹುದು. ನಿದ್ದೆ ಕೆಡಿಸುವುದು ಮುಖ್ಯವಾಗಿ ಮೊದಲ ಹಂತ.

ರಾತ್ರಿಯೇ ಏಕೆ ಹೆಚ್ಚು?

ಅಂಗಾತ ಮಲಗಿದಾಗ ಮೊಣಕೈ ಹಾಸಿಗೆಯ ಮೇಲೆ ಹಿಂದಕ್ಕೆ ಬಿದ್ದು, ಮೊದಲೇ ಬಿಗಿದ ಚೀಲ ಇನ್ನಷ್ಟು ಜಗ್ಗುತ್ತದೆ. ನೋವಿರುವ ಮಗ್ಗುಲಿಗೆ ಮಲಗಿದರೆ ಮೈಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಒಳ್ಳೆಯ ಮಗ್ಗುಲಿಗೆ ಹೊರಳಿದರೆ ನೋವಿನ ಕೈ ಎದೆಯ ಮುಂದಕ್ಕೆ ಜೋತುಬೀಳುತ್ತದೆ. ಆದ್ದರಿಂದ ರಾತ್ರಿಯ ಸೂತ್ರ ಒಂದೇ: ಕೈಯನ್ನು ಜೋತುಬೀಳಲು ಬಿಡದೆ ಅದಕ್ಕೆ ಆಸರೆ ಕೊಡಬೇಕು.

ಮಲಗುವ ಕ್ರಮ

1. ಅಂಗಾತ ಮಲಗುವವರು ನೋವಿರುವ ಕಡೆಯ ಮೊಣಕೈ ಮತ್ತು ರಟ್ಟೆಯ ಕೆಳಗೆ ಚಿಕ್ಕ ದಿಂಬನ್ನೋ, ಮಡಿಸಿದ ಹಳೆಯ ಸೀರೆಯನ್ನೋ ಇಡಬೇಕು. ಮೊಣಕೈ ಭುಜಕ್ಕಿಂತ ಕೆಳಕ್ಕೆ ಇಳಿಯಬಾರದು. ಅಂಗೈ ಹೊಟ್ಟೆಯ ಮೇಲಿರಲಿ.

2. ಮಗ್ಗುಲಾಗಿ ಮಲಗುವವರು ಒಳ್ಳೆಯ ಮಗ್ಗುಲಿಗೆ ಮಲಗಿ, ಎದೆಯ ಮುಂದೆ ದಪ್ಪ ದಿಂಬನ್ನಿಟ್ಟು ಅದನ್ನು ಅಪ್ಪಿಕೊಂಡಂತೆ ನೋವಿನ ಕೈಯನ್ನು ಅದರ ಮೇಲಿಡಬೇಕು. ಬೆನ್ನ ಹಿಂದೆ ಇನ್ನೊಂದು ದಿಂಬಿದ್ದರೆ ನಿದ್ದೆಯಲ್ಲಿ ಹೊರಳುವುದು ತಪ್ಪುತ್ತದೆ.

3. ನೋವು ಬಹಳವಿದ್ದ ರಾತ್ರಿ ಪೂರ್ತಿ ಮಲಗದೆ, ಬೆನ್ನಿಗೆ ದಿಂಬುಗಳನ್ನು ಒರಗಿಸಿಯೋ ಆರಾಮಕುರ್ಚಿಯಲ್ಲೋ ಅರೆ ಕುಳಿತಂತೆ ಮಲಗಬಹುದು. ಆಗಲೂ ಮೊಣಕೈಗೆ ಆಸರೆ ಬೇಕು.

4. ಬೋರಲು ಮಲಗುವುದು, ತಲೆಯಡಿ ಕೈ ಇಟ್ಟು ಮಲಗುವುದು ಬೇಡ. ಪಕ್ಕದಲ್ಲಿ ಮಲಗುವ ಮಕ್ಕಳು ನೋವಿನ ಕೈಯ ಕಡೆ ಇರದಿರಲಿ.

5. ಏಳುವಾಗ ಒಳ್ಳೆಯ ಮಗ್ಗುಲಿಗೆ ಹೊರಳಿ, ಒಳ್ಳೆಯ ಕೈಯನ್ನೇ ಊರಿ ಏಳಬೇಕು. ಚಾಪೆಯಿಂದ ಏಳಲು ಕಷ್ಟವಾದರೆ ಕೆಲವು ತಿಂಗಳು ಮಂಚದ ಮೇಲೆ ಮಲಗುವುದು ಲೇಸು.

ಮಲಗುವ ಮುನ್ನ 15 ನಿಮಿಷ ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಶಾಖ ಕೊಡಬಹುದು. ಸಕ್ಕರೆ ಕಾಯಿಲೆಯಿಂದ ಚರ್ಮ ಜೋಮು ಹಿಡಿದವರಿಗೆ ಸುಟ್ಟರೂ ತಿಳಿಯುವುದಿಲ್ಲ. ಶಾಖದ ಹದವನ್ನು ಮನೆಯವರು ಪರೀಕ್ಷಿಸಲಿ. ನೋವಿನ ಮಾತ್ರೆಯನ್ನು ಯಾವಾಗ ತೆಗೆದುಕೊಂಡರೆ ರಾತ್ರಿಗೆ ಅನುಕೂಲವೆಂದು ವೈದ್ಯರನ್ನು ಕೇಳಬೇಕು. ಅಂಗಡಿಯಿಂದ ತಾವೇ ತಂದು ನುಂಗಿದ ಕೆಲವು ಮಾತ್ರೆಗಳು ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ ಮಾಡುತ್ತವೆ.

ಹಗಲಿನಲ್ಲಿ

ನೋವೆಂದು ಕೈಯನ್ನು ದಿನವಿಡೀ ಜೋಳಿಗೆಯಲ್ಲಿ ಕಟ್ಟಿಡಬಾರದು, ಬಿಗಿತ ಹೆಚ್ಚುತ್ತದೆ. ಒಳ್ಳೆಯ ಕೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಇಳಿಬಿಟ್ಟು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಾಡಿಸಬೇಕು. ದಿನಕ್ಕೆ ಎರಡು ಮೂರು ಸಲ, ನೋವು ತಡೆದುಕೊಳ್ಳುವಷ್ಟು ಮಾತ್ರ. ಎಣ್ಣೆ ಹಚ್ಚಿ ನೀವುವುದರಿಂದ ಹಿತವಾಗಬಹುದು. ಆದರೆ “ಹಿಡಿದದ್ದನ್ನು ಬಿಡಿಸುತ್ತೇನೆ” ಎಂದು ಕೈ ಜಗ್ಗಿ ತಿರುಚುವವರ ಹತ್ತಿರ ಹೋಗಬಾರದು.

ತಪ್ಪದೆ ಮಾಡಿಸಬೇಕಾದ ಪರೀಕ್ಷೆ

ಸಕ್ಕರೆ ಕಾಯಿಲೆ ಇರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಹಿಡಿದ ಭುಜ ಅದರ ಮೊದಲ ಸೂಚನೆಯಾಗಿರಬಹುದು. ಆದ್ದರಿಂದ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿರಿ. ನೋವು ಮೂರು ವಾರ ಮೀರಿದರೆ ಮೂಳೆ ತಜ್ಞರನ್ನು ಕಾಣಬೇಕು. 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ಕಾಲೇಜಿನಿಂದಾಗಿ ಈ ಭಾಗದವರು ಅದಕ್ಕಾಗಿ ಮೈಸೂರಿಗೇ ಹೋಗಬೇಕಾಗಿಲ್ಲ. ಮೊದಲ ಹಂತದಲ್ಲಿ ಕೀಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಹಲವರಿಗೆ ರಾತ್ರಿಯ ನೋವನ್ನು ಇಳಿಸುತ್ತದೆ. ಅದರಿಂದ ಕೆಲವು ದಿನ ಸಕ್ಕರೆ ಏರಬಹುದಾದ್ದರಿಂದ ಕಾಯಿಲೆ ಇರುವವರು ಮುಂಚೆಯೇ ಹೇಳಬೇಕು.

ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಕಂಡರೆ ಅದು ಹೃದಯದ ತೊಂದರೆಯಿರಬಹುದು. ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ. ಜ್ವರ, ಕೀಲಿನ ಊತ, ಬಿದ್ದ ನಂತರದ ನೋವು, ಕೈಯ ನಿಶ್ಶಕ್ತಿ ಇದ್ದರೂ ತಡಮಾಡಬಾರದು.

ಹಿಡಿದ ಭುಜ ಪ್ರಾಣಕ್ಕೆ ಅಪಾಯಕಾರಿಯಲ್ಲ. ಸ್ವಲ್ಪ ಬಿಗಿತ ಉಳಿದರೂ ಹೆಚ್ಚಿನವರ ಕೈ ಮತ್ತೆ ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ರಾತ್ರಿ ನರಳುವವರನ್ನು “ವಯಸ್ಸಾಯಿತು, ಸಹಿಸಿಕೊಳ್ಳಿ” ಎಂದು ಸುಮ್ಮನಾಗಿಸದೆ, ಮಲಗುವ ಹೊತ್ತಿಗೆ ಒಂದು ದಿಂಬನ್ನು ಸರಿಯಾದ ಜಾಗದಲ್ಲಿಟ್ಟುಕೊಡುವುದು ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.